ಲಿನಕ್ಸ್ ಹಾಕುವಾಗ ಎಲ್ಲಿ ನಿಂತಿತು? ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

"ಲಿನಕ್ಸ್ ಬರ್ತಾನೇ ಇಲ್ಲ" ಎಂದು ಸಹಾಯ ಕೇಳುವವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿಯವರೆಗೆ ಬಂತು? ಪವರ್ ಬಟನ್ ಒತ್ತಿದ ಮೇಲೆ ಯಂತ್ರದ ಯಜಮಾನಿಕೆ ಕೈಯಿಂದ ಕೈಗೆ ದಾಟುತ್ತದೆ. ಮೊದಲು ಮದರ್‌ಬೋರ್ಡಿನಲ್ಲೇ ಇರುವ ಫರ್ಮ್‌ವೇರ್. ಜನ ಅದನ್ನು ಈಗಲೂ ಬಯೋಸ್ ಎನ್ನುತ್ತಾರೆ, ಈಚಿನ ಯಂತ್ರಗಳಲ್ಲಿ ಇರುವುದು ಯುಇಎಫ್‌ಐ. ಅದು ಗ್ರಬ್ ಎಂಬ ಬೂಟ್‌ಲೋಡರನ್ನು ಎಬ್ಬಿಸುತ್ತದೆ, ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನಲನ್ನು ಎಬ್ಬಿಸುತ್ತದೆ, ಕರ್ನಲ್ ಹಾರ್ಡ್‌ವೇರನ್ನೆಲ್ಲ ಗುರುತಿಸಿಕೊಂಡು ಕೊನೆಗೆ ಡೆಸ್ಕ್‌ಟಾಪ್‌ಗೆ ದಾರಿ ಬಿಡುತ್ತದೆ. ನಿಂತದ್ದು ಯಾರ ಕೈಯಲ್ಲಿ ಎಂದು ತಿಳಿದರೆ ಹುಡುಕಬೇಕಾದ ಜಾಗ ಬಹಳ ಚಿಕ್ಕದಾಗುತ್ತದೆ. ಗ್ರಬ್ ಮೆನುವೇ ಕಾಣದವರು ಗ್ರಾಫಿಕ್ಸ್ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ಡೆಸ್ಕ್‌ಟಾಪ್‌ವರೆಗೆ ಬಂದವರು ಬಯೋಸ್ ಒಳಗೆ ಕೈಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ.

ಹಾಗಾಗಿ ಕೆಳಗಿನ ಭಾಗಗಳು ಯಂತ್ರ ಆನ್ ಆಗುವ ಕ್ರಮದಲ್ಲೇ ಇವೆ. ನಿಮಗೆ ಕಂಡ ಲಕ್ಷಣ ಎಲ್ಲಿದೆಯೋ ಅಲ್ಲಿಂದ ಓದಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ, ಸುಲಭದ ಪರೀಕ್ಷೆ ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬದಲಿಸುವ ಮುಂಚೆ ಆ ಪರದೆಯನ್ನು ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದವರಿಗೆ ಸಮಸ್ಯೆ ಪರಿಹಾರವಾದರೂ ಯಾವುದರಿಂದ ಆಯಿತು ಎಂದು ತಿಳಿಯುವುದಿಲ್ಲ.

## ಏನನ್ನೂ ಮುಟ್ಟುವ ಮೊದಲು

ಫೈಲುಗಳ ಬ್ಯಾಕಪ್ ಬೇರೊಂದು ಡಿಸ್ಕಿನಲ್ಲಿ ಇರಲೇಬೇಕು. ಅದೇ ಡಿಸ್ಕಿನ ಇನ್ನೊಂದು ಪಾರ್ಟಿಶನ್‌ನಲ್ಲಿ, ಅಂದರೆ ಡಿಸ್ಕನ್ನು ಪಾಲು ಮಾಡಿದ ಇನ್ನೊಂದು ಭಾಗದಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ. ಪಾರ್ಟಿಶನ್ ಅಳತೆ ಬದಲಾಗುತ್ತಿರುವಾಗ ಕರೆಂಟ್ ಹೋದರೆ ಡೇಟಾ ಉಳಿಯುವ ಭರವಸೆಯಿಲ್ಲ.

ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಹಾಕುವವರು ಇನ್ನೊಂದು ವಿಷಯ ನೋಡಲೇಬೇಕು: ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಡಿಸ್ಕ್ ಓದಲಾಗದಂತೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಶನ್. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ಮಾಲೀಕರಿಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವುದನ್ನು ಮಾತ್ರ ತೆರೆಯಲು ಬಿಡುವ ಸೆಟ್ಟಿಂಗ್) ಬದಲಿಸಿದೊಡನೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಅದನ್ನು ಈಗಲೇ ಹುಡುಕಿ ಕಾಗದದಲ್ಲಿ ಬರೆದುಕೊಳ್ಳಿ. ಕೀ ಸಿಗದಿದ್ದರೆ ವಿಂಡೋಸ್ ಒಳಗಿಂದಲೇ ಎನ್‌ಕ್ರಿಪ್ಶನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯಿರಿ. ಕೀಯೂ ಇಲ್ಲ, ಆಫ್ ಮಾಡಲೂ ಆಗುತ್ತಿಲ್ಲ ಎಂದರೆ ಇಲ್ಲೇ ನಿಲ್ಲಿಸಿ. ಕೀ ಇಲ್ಲದ ಬಿಟ್‌ಲಾಕರ್ ಡಿಸ್ಕನ್ನು ಯಾವ ತಂತ್ರಜ್ಞರೂ ತೆರೆದುಕೊಡಲಾರರು.

## ಪೆನ್‌ಡ್ರೈವ್ ಹಾಕಿದ್ದೇನೆ, ಆದರೂ ವಿಂಡೋಸೇ ತೆರೆಯುತ್ತದೆ

ಇಲ್ಲಿ ಯಜಮಾನಿಕೆ ಇನ್ನೂ ಫರ್ಮ್‌ವೇರ್ ಕೈಯಲ್ಲೇ ಇದೆ. ಲಿನಕ್ಸ್‌ನ ಒಂದು ಸಾಲೂ ಓಡಿಲ್ಲ.

ಮೊದಲ ಅನುಮಾನ ಪೆನ್‌ಡ್ರೈವ್ ತಯಾರಾದ ಬಗೆಯ ಮೇಲೆ. ಡೌನ್‌ಲೋಡ್ ಆದ ಐಎಸ್ಒ ಫೈಲನ್ನು (ಲಿನಕ್ಸ್ ಇನ್‌ಸ್ಟಾಲರ್ ಪೂರ್ತಿ ಅಡಗಿರುವ ಒಂದೇ ಕಡತ) ಪೆನ್‌ಡ್ರೈವ್‌ಗೆ ಕಾಪಿ-ಪೇಸ್ಟ್ ಮಾಡಿದರೆ ಅದು ಬೂಟ್ ಆಗುವುದಿಲ್ಲ. ರೂಫಸ್, ಬಲೇನಾ ಎಚರ್, ಫೆಡೋರಾ ಮೀಡಿಯಾ ರೈಟರ್ ಥರದ ಸಾಧನದಿಂದ ಅದನ್ನು ಬರೆಯಬೇಕು. ಮೊದಲೇ ವೆಂಟಾಯ್ ಹಾಕಿಟ್ಟ ಪೆನ್‌ಡ್ರೈವ್ ಮಾತ್ರ ಇದಕ್ಕೆ ಹೊರತು, ಅದಕ್ಕೆ ಕಾಪಿ ಮಾಡಿದರೆ ಸಾಕು. ಬರೆದ ಮೇಲೆ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಿದರೆ ಹೆದರಬೇಡಿ, ಒಪ್ಪಲೂ ಬೇಡಿ. ಲಿನಕ್ಸ್ ಬರೆದ ಭಾಗವನ್ನು ಓದಲು ವಿಂಡೋಸ್‌ಗೆ ಬರುವುದಿಲ್ಲ, ಅಷ್ಟೇ. ಎಷ್ಟೋ ಜನ ಇಲ್ಲೇ ಒಪ್ಪಿಗೆ ಒತ್ತಿ, ಮಾಡಿದ ಕೆಲಸವನ್ನೆಲ್ಲ ಅಳಿಸಿಕೊಳ್ಳುತ್ತಾರೆ.

ಎರಡನೆಯದು ಬೂಟ್ ಮೆನು. ಯಂತ್ರ ಆನ್ ಆದ ತಕ್ಷಣ ಸರಿಯಾದ ಕೀಲಿಯನ್ನು ಮೇಲಿಂದ ಮೇಲೆ ಒತ್ತುತ್ತಿರಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಅಥವಾ ಎಸ್ಕೇಪ್, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಎಂಎಸ್ಐನಲ್ಲಿ ಎಫ್11. ಏಸರ್‌ನಲ್ಲಿ ಎಫ್12 ಇದ್ದರೂ ಬಯೋಸ್ ಒಳಗೆ ಹೋಗಿ ಅದನ್ನು ಮೊದಲು ಆನ್ ಮಾಡಬೇಕಾಗುವುದುಂಟು. ಕೀಲಿ ಒತ್ತಲು ಸಮಯವೇ ಸಿಗುತ್ತಿಲ್ಲವೇ? ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ನೀಲಿ ಪರದೆಯಲ್ಲಿ "ಯೂಸ್ ಎ ಡಿವೈಸ್" ಆರಿಸಿದರೆ ಪೆನ್‌ಡ್ರೈವ್ ಹೆಸರು ಕಾಣುತ್ತದೆ. ಇಲ್ಲಿ ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ ಆಗಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್‌ಡೌನ್ ಎಂಬುದು ಅರೆನಿದ್ರೆಯೇ ಹೊರತು ಪೂರ್ತಿ ಆಫ್ ಅಲ್ಲ. ಈ ಫಾಸ್ಟ್ ಸ್ಟಾರ್ಟ್‌ಅಪ್ ಮುಂದೆಯೂ ಬೇರೆ ಬೇರೆ ವೇಷದಲ್ಲಿ ಬಂದು ಕಾಡುತ್ತದೆ, ಹೆಸರು ನೆನಪಿಟ್ಟುಕೊಳ್ಳಿ.

ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಇಲ್ಲದಿದ್ದರೆ ಯುಎಸ್‌ಬಿ ಪೋರ್ಟ್ ಬದಲಿಸಿ, ಹಬ್ ಇದ್ದರೆ ತೆಗೆದು ನೇರ ಯಂತ್ರಕ್ಕೆ ಚುಚ್ಚಿ. ಆಮೇಲೆ ಬೇರೆ ಪೆನ್‌ಡ್ರೈವ್, ಅದಾದ ಮೇಲೆ ಬೇರೆ ಬರೆಯುವ ಸಾಧನ. ಒಂದೇ ಪೆನ್‌ಡ್ರೈವ್ ಎರಡು ಹೆಸರಲ್ಲಿ ಕಂಡರೆ, ಅಂದರೆ ಒಂದರ ಮುಂದೆ ಯುಇಎಫ್‌ಐ ಎಂದಿದ್ದು ಇನ್ನೊಂದರ ಮುಂದೆ ಇಲ್ಲದಿದ್ದರೆ, ಯುಇಎಫ್‌ಐ ಇರುವುದನ್ನೇ ಆರಿಸಿ. ಈಗಿರುವ ವಿಂಡೋಸ್ ಯಾವ ಬಗೆಯಲ್ಲಿ ಬೂಟ್ ಆಗುತ್ತಿದೆಯೋ ಲಿನಕ್ಸ್ ಕೂಡ ಅದೇ ಬಗೆಯಲ್ಲಿ ಬೂಟ್ ಆಗಬೇಕು. ಈ ನಿಯಮ ತಪ್ಪಿದರೆ ಇನ್‌ಸ್ಟಾಲ್ ಸಲೀಸಾಗಿ ಮುಗಿದು ತೊಂದರೆ ಆಮೇಲೆ ಶುರುವಾಗುತ್ತದೆ.

## "ಸೆಕ್ಯುರಿಟಿ ವಯಲೇಶನ್" ಎಂದು ಕೆಂಪು ಅಥವಾ ಕಪ್ಪು ಪರದೆ

ಪೆನ್‌ಡ್ರೈವ್ ಓದಿಯಾಗಿದೆ, ಆದರೆ ಫರ್ಮ್‌ವೇರ್‌ಗೆ ಅದರ ಸಹಿಯ ಮೇಲೆ ನಂಬಿಕೆ ಬಂದಿಲ್ಲ. ಇದೇ ಸೆಕ್ಯೂರ್ ಬೂಟ್. ಲಿನಕ್ಸ್‌ನ ಬೇರೆ ಬೇರೆ ರೂಪಗಳಾದ ಡಿಸ್ಟ್ರೋಗಳ ಪೈಕಿ ಉಬುಂಟು, ಫೆಡೋರಾ, ಲಿನಕ್ಸ್ ಮಿಂಟ್, 2019ರ ಡೆಬಿಯನ್ 10ರಿಂದೀಚಿನ ಡೆಬಿಯನ್ ಎಲ್ಲವೂ ಸೆಕ್ಯೂರ್ ಬೂಟ್ ಆನ್ ಇದ್ದಾಗಲೂ ತೆರೆಯುತ್ತವೆ. ಹಾಗಾಗಿ "ಲಿನಕ್ಸ್ ಹಾಕಬೇಕಾದರೆ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು" ಎಂಬ ಹಳೆಯ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬೇಕಿಲ್ಲ.

ಸಂದೇಶದಲ್ಲಿ ಎಸ್‌ಬ್ಯಾಟ್ (SBAT) ಎಂಬ ಮಾತು ಕಂಡರೆ ಕಾರಣ ಬಹುತೇಕ ಹಳೆಯ ಐಎಸ್ಒ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ, ದೋಷವಿದ್ದ ಬೂಟ್‌ಲೋಡರ್‌ಗಳನ್ನು ನಿರ್ಬಂಧಿಸಿತು. ಅದರ ಹೊಡೆತಕ್ಕೆ ಎರಡೂ ವ್ಯವಸ್ಥೆ ಇಟ್ಟುಕೊಂಡಿದ್ದ ಅನೇಕರ ಲಿನಕ್ಸ್ ಕೂಡ ನಿಂತುಹೋಯಿತು. ಹೊಸದಾಗಿ ಹಾಕುವವರು ಇತ್ತೀಚಿನ ಐಎಸ್ಒ ಇಳಿಸಿಕೊಂಡು ಮತ್ತೆ ಬರೆದರೆ ಸಾಕು. ಈಗಾಗಲೇ ಹಾಕಿದ್ದ ಲಿನಕ್ಸ್ ಹೀಗೆ ನಿಂತಿದ್ದರೆ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ ಒಳಗೆ ಹೋಗಿ, ಎಲ್ಲ ಅಪ್‌ಡೇಟ್ ಹಾಕಿ, ಮತ್ತೆ ಆನ್ ಮಾಡಿ ನೋಡಿ.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ಸಹಿಯನ್ನು ಬಿಟ್ಟು ಬೇರೆಯದನ್ನು ಒಪ್ಪದಂತೆ ಕಾರ್ಖಾನೆಯಲ್ಲೇ ಕಟ್ಟುಹಾಕಿರುತ್ತಾರೆ. ಬಯೋಸ್‌ನ ಸೆಕ್ಯುರಿಟಿ ಪುಟದಲ್ಲಿ "ಥರ್ಡ್ ಪಾರ್ಟಿ ಸಿಎ" ಎಂಬ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಇವೆರಡೂ ಫಲ ಕೊಡದಿದ್ದರಷ್ಟೇ ಸೆಕ್ಯೂರ್ ಬೂಟ್ ಆಫ್ ಮಾಡುವ ಯೋಚನೆ, ಅದೂ ರಿಕವರಿ ಕೀ ಕೈಯಲ್ಲಿ ಇದ್ದಾಗ.

## ಮೆನು ಬಂತು, ಆರಿಸಿದೆ, ಪರದೆ ಕಪ್ಪಾಯಿತು

ಹೊಸಬರು ಸೋತು ಕೈಬಿಡುವುದು ಹೆಚ್ಚಾಗಿ ಇಲ್ಲೇ. ಆದರೆ ಹೆಚ್ಚಿನ ಸಲ ಯಂತ್ರ ಒಳಗೊಳಗೇ ಓಡುತ್ತಿರುತ್ತದೆ, ತೋರಿಸಲು ಮಾತ್ರ ಬರುತ್ತಿರುವುದಿಲ್ಲ.

ಮೊದಲು ಕೆಲವು ನಿಮಿಷ ಸುಮ್ಮನೆ ಕಾಯಿರಿ. ನಿಧಾನದ ಪೆನ್‌ಡ್ರೈವ್‌ಗೆ ಅಷ್ಟು ಹೊತ್ತು ಬೇಕು. ಹೊರಗಿನ ಮಾನಿಟರ್ ಸಿಕ್ಕಿಸಿದ್ದರೆ ತೆಗೆಯಿರಿ. ಲ್ಯಾಪ್‌ಟಾಪ್‌ನ ಬ್ರೈಟ್‌ನೆಸ್ ಕೀಲಿ ಒತ್ತಿ ನೋಡಿ. ಆಮೇಲೆ ಕ್ಯಾಪ್ಸ್ ಲಾಕ್ ಪರೀಕ್ಷೆ: ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಜೀವಂತವಾಗಿದೆ, ತೊಂದರೆ ಗ್ರಾಫಿಕ್ಸ್‌ನಲ್ಲಿ. ಏನು ಒತ್ತಿದರೂ ದೀಪ ಅಲುಗದಿದ್ದರೆ ಯಂತ್ರ ಪೂರ್ತಿ ಹೆಪ್ಪುಗಟ್ಟಿದೆ. ದೀಪ ತಾನಾಗಿಯೇ ಮಿಣಮಿಣ ಮಿನುಗುತ್ತಿದ್ದರೆ ಅದು ಕರ್ನಲ್ ಪ್ಯಾನಿಕ್, ಕರ್ನಲ್ ತಾನೇ ಸೋಲೊಪ್ಪಿ ನಿಂತಿದೆ ಎಂದರ್ಥ. ಕೊನೆಯ ಎರಡು ಲಕ್ಷಣ ಕಂಡವರು ಮೊದಲು ಪೆನ್‌ಡ್ರೈವ್ ಮತ್ತೆ ಬರೆಯಲಿ, ನಂತರ ಮುಂದಿನ ಭಾಗದಲ್ಲಿರುವ ರ‍್ಯಾಮ್ ಪರೀಕ್ಷೆ ಮಾಡಲಿ.

ಗ್ರಾಫಿಕ್ಸ್ ತೊಂದರೆಗೆ ದಾರಿ ಹೀಗೆ. ಉಬುಂಟು ಮೆನುವಿನಲ್ಲಿ "ಸೇಫ್ ಗ್ರಾಫಿಕ್ಸ್", ಮಿಂಟ್ ಮೆನುವಿನಲ್ಲಿ "ಕಂಪ್ಯಾಟಿಬಿಲಿಟಿ ಮೋಡ್" ಎಂಬ ಆಯ್ಕೆ ಇರುತ್ತದೆ. ಅದನ್ನೇ ಆರಿಸಿ. ಅಂಥ ಆಯ್ಕೆ ಕಾಣದಿದ್ದರೆ ಮೊದಲ ಸಾಲಿನ ಮೇಲೆ ನಿಂತು ಕೀಬೋರ್ಡಿನ 'ಇ' (e) ಒತ್ತಿ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಉದ್ದ ಸಾಲಿನಲ್ಲಿ 'ಕ್ವಯಟ್ ಸ್ಪ್ಲಾಶ್' ಎಂದಿರುವುದರ ಮುಂದೆ ಒಂದು ಜಾಗ ಬಿಟ್ಟು 'ನೊಮೋಡ್‌ಸೆಟ್' (nomodeset) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ಕೂಡಿಸಿ, ಸಣ್ಣಕ್ಷರದಲ್ಲಿ ಬರೆದು ಎಫ್10 ಒತ್ತಿ. ಗ್ರಾಫಿಕ್ಸ್ ಕಾರ್ಡಿನ ವಿಶೇಷ ಡ್ರೈವರನ್ನು ಬದಿಗಿಟ್ಟು ಫರ್ಮ್‌ವೇರ್ ಕೊಟ್ಟ ಸಾದಾ ಚಿತ್ರದಲ್ಲೇ ಮುಂದುವರಿ ಎಂದು ಹೇಳಿದ ಹಾಗೆ. ಹೀಗೆ ಮಾಡಿದ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ತಪ್ಪಿದರೂ ಏನೂ ಕೆಡುವುದಿಲ್ಲ.

ಹೀಗೆ ಒಳಹೋದಾಗ ಚಿತ್ರ ದಪ್ಪದಪ್ಪ ಕಾಣಬಹುದು, ಬ್ರೈಟ್‌ನೆಸ್ ಕೆಲಸ ಮಾಡದಿರಬಹುದು. ಅದು ಸಹಜ. ಎನ್‌ವಿಡಿಯಾ ಕಾರ್ಡ್ ಇದ್ದವರು ಇನ್‌ಸ್ಟಾಲ್ ಮುಗಿದ ಮೇಲೆ ಉಬುಂಟುವಿನ "ಅಡಿಷನಲ್ ಡ್ರೈವರ್ಸ್" ಅಥವಾ ಮಿಂಟ್‌ನ "ಡ್ರೈವರ್ ಮ್ಯಾನೇಜರ್" ತೆರೆದು ಶಿಫಾರಸು ಎಂದು ಬರೆದಿರುವ ಡ್ರೈವರ್ ಹಾಕಿಕೊಂಡರೆ ಸರಿಹೋಗುತ್ತದೆ. ನೊಮೋಡ್‌ಸೆಟ್ ಅನ್ನು ಕಾಯಂ ಸೇರಿಸಿಡುವುದು ಬೇಡ. ತಯಾರಕರ ಜಾಲತಾಣದಿಂದ ಡ್ರೈವರ್ ಫೈಲ್ ಇಳಿಸಿ ಕೈಯಾರೆ ಹಾಕುವುದೂ ಬೇಡ. ಅದು ವಿಂಡೋಸ್ ಅಭ್ಯಾಸ, ಇಲ್ಲಿ ಮುಂದಿನ ಕರ್ನಲ್ ಅಪ್‌ಡೇಟ್ ಬಂದಾಗ ಪರದೆ ಮತ್ತೆ ಕಪ್ಪಾಗಬಹುದು.

## ಇನ್‌ಸ್ಟಾಲರ್ ಅರ್ಧದಲ್ಲಿ ನಿಂತಿದೆ, ಅಥವಾ "ಇನ್‌ಪುಟ್ ಔಟ್‌ಪುಟ್ ಎರರ್"

ಕೊನೆಕೊನೆಗೆ ಬಂದು ನಿಂತಂತೆ ಕಂಡರೆ ಅದು ಭಾಷೆಯ ಕಡತಗಳನ್ನೋ ಅಪ್‌ಡೇಟ್‌ಗಳನ್ನೋ ಇಂಟರ್‌ನೆಟ್‌ನಿಂದ ಇಳಿಸುತ್ತಿರಬಹುದು. ವಿವರ ತೋರಿಸುವ ಗುಂಡಿ ಒತ್ತಿ ನೋಡಿ; "ಸ್ಕಿಪ್" ಕಂಡರೆ ಒತ್ತಬಹುದು. ಮುಂದಿನ ಸಲ ವೈಫೈ ಸೇರಿಸದೆ ಇನ್‌ಸ್ಟಾಲ್ ಮಾಡಿದರೆ ಈ ತೊಡಕೇ ಇರುವುದಿಲ್ಲ.

ಸ್ಕ್ವಾಶ್‌ಎಫ್ಎಸ್, ಇನ್‌ಪುಟ್-ಔಟ್‌ಪುಟ್ ಎಂಬ ಮಾತಿರುವ ದೋಷಗಳು ಬೇರೆ. ಓದುತ್ತಿರುವ ಕಡತವೇ ಹಾಳಾಗಿದೆ ಎಂದು ಅವು ಹೇಳುತ್ತಿವೆ. ಡೌನ್‌ಲೋಡ್ ಸರಿಯಾಗಿದೆಯೇ ಎಂದು ಮೊದಲು ಪರೀಕ್ಷಿಸಿ. ಡಿಸ್ಟ್ರೋದ ಜಾಲತಾಣದಲ್ಲಿ ಐಎಸ್ಒ ಜೊತೆಗೆ ಶಾ256 ಎಂಬ 64 ಅಕ್ಷರಗಳ ಸಾಲು ಕೊಟ್ಟಿರುತ್ತಾರೆ, ನಿಮ್ಮ ಫೈಲಿನದೂ ಅದೇ ಬರಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ಫೈಲ್ ಅಳಿಸಿ ಮತ್ತೆ ಇಳಿಸಿಕೊಳ್ಳಿ. ಹೊಂದಿದರೆ ಬೇರೆ ಪೆನ್‌ಡ್ರೈವ್‌ಗೆ ಬರೆಯಿರಿ. ಎಚರ್ ಬರೆದ ಮೇಲೆ ತಾನೇ ಪರಿಶೀಲಿಸುತ್ತದೆ, ಬೇಸರವೆಂದು ಅದನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ಫೆಡೋರಾದ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವನ್ನು ಪರೀಕ್ಷಿಸಿಯೇ ಶುರುಮಾಡುವ ಆಯ್ಕೆ ಇದೆ.

ಪೆನ್‌ಡ್ರೈವ್ ಬದಲಾದರೂ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಸಂದೇಶ ಕೊಟ್ಟು ನಿಲ್ಲುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ. ಮೆಮ್‌ಟೆಸ್ಟ್86+ ಓಡಿಸಿ, ಒಂದು ಸುತ್ತು ಪೂರ್ತಿ ಮುಗಿಯಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಸರಿಯಿಲ್ಲ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಡಿಸ್ಕ್ ನೋಡಬೇಕು: ಲೈವ್ ಡೆಸ್ಕ್‌ಟಾಪ್‌ನಲ್ಲಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) "ಡಿಸ್ಕ್ಸ್" ಎಂಬ ಆ್ಯಪ್ ತೆರೆದು ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ದಾಖಲೆ ಓದಿ. ಅದರಲ್ಲಿ ಡಿಸ್ಕ್ ಸೋಲುತ್ತಿದೆ ಎಂಬ ಎಚ್ಚರಿಕೆ ಇದ್ದರೆ, ಅಥವಾ ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಇನ್‌ಸ್ಟಾಲ್ ಮಾತು ಬಿಡಿ. ಬೇಕಾದ ಫೈಲುಗಳು ಅದರಲ್ಲಿದ್ದರೆ ಯಂತ್ರ ಆಫ್ ಮಾಡಿ, ಡೇಟಾ ಹೊರತೆಗೆಯುವವರ ಬಳಿ ಕೊಂಡೊಯ್ಯಿರಿ. ಅಂಥ ಡಿಸ್ಕಿನ ಮೇಲೆ ಮಾಡುವ ಪ್ರತಿ ಪ್ರಯತ್ನವೂ ಉಳಿದ ಡೇಟಾವನ್ನು ತಿನ್ನುತ್ತದೆ.

ಪೆನ್‌ಡ್ರೈವ್ ಬೂಟ್ ಆಗುವ ಮೊದಲೇ "ಈ ಕರ್ನಲ್‌ಗೆ 64 ಬಿಟ್ ಪ್ರೊಸೆಸರ್ ಬೇಕು" ಎಂಬ ಅರ್ಥದ ಸಂದೇಶ ಬಂದರೆ ಅದು ದೋಷವಲ್ಲ, ಯಂತ್ರ ಅಷ್ಟು ಹಳೆಯದು. ಮಿಂಟ್ 2020ರ ಆವೃತ್ತಿ 20ರಿಂದ, ಡೆಬಿಯನ್ 2025ರ ಆವೃತ್ತಿ 13ರಿಂದ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿವೆ.

## ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ

ಪೆನ್‌ಡ್ರೈವ್ ಒಂದೇ ಕಾಣುತ್ತದೆ, ಒಳಗಿನ ಡಿಸ್ಕ್ ಇಲ್ಲ. ವಿಂಡೋಸ್ ಅದೇ ಡಿಸ್ಕಿನಿಂದ ಚೆನ್ನಾಗಿ ಓಡುತ್ತಿದ್ದರೆ ಡಿಸ್ಕ್ ಕೆಟ್ಟಿಲ್ಲ ಎಂದಾಯಿತು. ಇಂಟೆಲ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಸೆಟ್ಟಿಂಗ್. ಡಿಸ್ಕನ್ನು ಅದು ರೇಡ್ ಎಂಬ, ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಲು ಇರುವ ಹೊದಿಕೆಯೊಳಗೆ ಇಡುತ್ತದೆ, ಇನ್‌ಸ್ಟಾಲರ್‌ಗೆ ಹೊದಿಕೆಯ ಆಚೆ ಕಾಣುವುದಿಲ್ಲ. ಮೊದಲು ಡಿಸ್ಟ್ರೋದ ಹೊಸ ಆವೃತ್ತಿ ಹಾಕಿ ನೋಡಿ, ಹೊಸ ಕರ್ನಲ್‌ಗಳು ವಿಎಂಡಿಯನ್ನು ದಾಟಬಲ್ಲವು.

ಅದೂ ಆಗದಿದ್ದರೆ ಬಯೋಸ್‌ನಲ್ಲಿ ಡಿಸ್ಕಿನ ಬಗೆಯನ್ನು ಎಎಚ್‌ಸಿಐಗೆ ಬದಲಿಸಬೇಕು. ನೇರ ಹೋಗಿ ಬದಲಿಸಿಬಿಟ್ಟರೆ ವಿಂಡೋಸ್ "ಇನ್ಆ್ಯಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ನೀಲಿ ಪರದೆ ತೋರಿಸುತ್ತದೆ. ಹಾಗಾದರೆ ಗಾಬರಿಯಿಂದ ರಿಪೇರಿ ಆಯ್ಕೆಗಳನ್ನೆಲ್ಲ ಒತ್ತಬೇಡಿ. ಸೆಟ್ಟಿಂಗ್ ಹಿಂದಿನಂತೆ ಇಟ್ಟರೆ ವಿಂಡೋಸ್ ಮರಳಿ ಬರುತ್ತದೆ. ಸರಿಯಾದ ಕ್ರಮ ಹೀಗೆ: ಬಿಟ್‌ಲಾಕರ್ ತಡೆಹಿಡಿಯಿರಿ. ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಬೂಟ್ ಪುಟಕ್ಕೆ ಹೋಗಿ "ಸೇಫ್ ಬೂಟ್" ಗುರುತು ಹಾಕಿ ರೀಸ್ಟಾರ್ಟ್ ಮಾಡಿ. ಆ ರೀಸ್ಟಾರ್ಟ್‌ನಲ್ಲೇ ಬಯೋಸ್ ಹೊಕ್ಕು ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡಿನಲ್ಲಿ ತೆರೆದು ಬೇಕಾದ ಡ್ರೈವರ್ ಹೊಂದಿಸಿಕೊಳ್ಳುತ್ತದೆ. ಆಮೇಲೆ ಸೇಫ್ ಬೂಟ್ ಗುರುತು ತೆಗೆದು ಮತ್ತೊಮ್ಮೆ ರೀಸ್ಟಾರ್ಟ್. ಸೇಫ್ ಮೋಡಿನಲ್ಲಿ ಪಿನ್ ಕೆಲಸ ಮಾಡದಿರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಎರಡು ಡಿಸ್ಕ್‌ಗಳನ್ನು ನಿಜಕ್ಕೂ ರೇಡ್ ಮಾಡಿ ಜೋಡಿಸಿರುವ ಯಂತ್ರವಾದರೆ ಈ ಸೆಟ್ಟಿಂಗ್ ಮುಟ್ಟಲೇಬೇಡಿ. ಅದು ಬಲ್ಲವರ ಕೆಲಸ.

## "ವಿಂಡೋಸ್ ಪಕ್ಕದಲ್ಲಿ ಹಾಕು" ಎಂಬ ಆಯ್ಕೆಯೇ ಇಲ್ಲ

ಡಿಸ್ಕ್ ಕಾಣುತ್ತದೆ, ಆದರೆ ಇನ್‌ಸ್ಟಾಲರ್ ಕೊಡುವುದು "ಇಡೀ ಡಿಸ್ಕ್ ಅಳಿಸು" ಮತ್ತು "ನೀವೇ ಪಾರ್ಟಿಶನ್ ಮಾಡಿ" ಎಂಬ ಎರಡೇ ದಾರಿ. ಇಲ್ಲಿ ಅಳಿಸು ಒತ್ತಿದವರು ವಿಂಡೋಸ್ ಜೊತೆ ಫೋಟೋಗಳನ್ನೂ ಕಳೆದುಕೊಳ್ಳುತ್ತಾರೆ. ಹಿಂದಕ್ಕೆ ಬನ್ನಿ, ಇನ್‌ಸ್ಟಾಲರ್ ಮುಚ್ಚಿ.

ಬಿಟ್‌ಲಾಕರ್ ಇನ್ನೂ ಆನ್ ಇದೆಯೇ? ವಿಂಡೋಸ್ ಫಾಸ್ಟ್ ಸ್ಟಾರ್ಟ್‌ಅಪ್‌ನಿಂದ ಅರೆನಿದ್ರೆಯಲ್ಲಿದೆಯೇ? ಪೆನ್‌ಡ್ರೈವ್ ಯುಇಎಫ್‌ಐ ಬದಲು ಹಳೆಯ ಲೆಗಸಿ ಬಗೆಯಲ್ಲಿ ತೆರೆದಿದೆಯೇ? ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಎಂಬಿಆರ್ ಬಗೆಯ ಹಳೆಯ ಡಿಸ್ಕ್ ಆದರೆ ಅದರಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಶನ್‌ಗೆ ಜಾಗ. ನಾಲ್ಕೂ ಭರ್ತಿಯಾಗಿದ್ದರೆ ಐದನೆಯದು ಹುಟ್ಟುವುದಿಲ್ಲ. ಇವುಗಳಲ್ಲಿ ಯಾವುದನ್ನು ಖಾಲಿ ಮಾಡಬಹುದು ಎಂದು ಖಚಿತವಿಲ್ಲದಿದ್ದರೆ ಬಲ್ಲವರನ್ನು ಕೇಳಿ.

ಜಾಗ ಮಾಡುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿಸುವುದು ನನ್ನ ಮಟ್ಟಿಗೆ ಹೆಚ್ಚು ಕ್ಷೇಮ. ತನ್ನ ಪಾರ್ಟಿಶನ್ ಕುಗ್ಗಿಸುವುದು ಅದಕ್ಕೇ ಚೆನ್ನಾಗಿ ಗೊತ್ತು. ಕುಗ್ಗಿಸಿ ಸಿಕ್ಕ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಬಿಡಿ. ಉಬುಂಟು 24.04 ಕೇಳುವುದು ಕನಿಷ್ಠ 25 ಜಿಬಿ, ಮಿಂಟ್ ಕೇಳುವುದು 20. ದಿನಬಳಕೆಗೆ ಅದರ ಎರಡು-ಮೂರು ಪಟ್ಟು ಕೊಟ್ಟರೆ ಆಮೇಲೆ ಪರದಾಡಬೇಕಿಲ್ಲ.

## ಇನ್‌ಸ್ಟಾಲ್ ಮುಗಿಯಿತು, ಆದರೆ ಯಂತ್ರ ನೇರ ವಿಂಡೋಸ್‌ಗೆ ಹೋಗುತ್ತದೆ

ಮತ್ತೆ ಫರ್ಮ್‌ವೇರ್ ವಿಷಯ. ಮೊದಲಿನ ಬೂಟ್ ಮೆನು ಕೀಲಿಯನ್ನೇ ಒತ್ತಿ. ಅಲ್ಲಿ ಉಬುಂಟು ಅಥವಾ ಫೆಡೋರಾ ಎಂಬ ಹೆಸರು ಕಂಡು, ಅದನ್ನು ಆರಿಸಿದಾಗ ಲಿನಕ್ಸ್ ತೆರೆದರೆ ಇನ್‌ಸ್ಟಾಲ್ ಸರಿಯಾಗಿದೆ, ಸರದಿ ಮಾತ್ರ ತಪ್ಪಿದೆ. ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ಆ ಹೆಸರನ್ನು ಮೇಲಕ್ಕೆ ತನ್ನಿ. ಮಿಂಟ್ ಹಾಕಿದವರಿಗೂ ಅಲ್ಲಿ ಉಬುಂಟು ಎಂದೇ ಕಾಣಬಹುದು, ಗಲಿಬಿಲಿ ಬೇಡ. ಕೆಲವು ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟು, ಲಿನಕ್ಸ್‌ನ ಬೂಟ್ ಫೈಲನ್ನು ನಂಬಿಕಸ್ಥ ಎಂದು ಗುರುತಿಸಿದ ಮೇಲಷ್ಟೇ ಅದು ಪಟ್ಟಿಗೆ ಬರುತ್ತದೆ. ಆ ಪಾಸ್‌ವರ್ಡ್ ಮರೆತರೆ ಬಯೋಸ್ ತೆರೆಯುವುದೇ ಕಷ್ಟ, ಬರೆದಿಡಿ.

ಇದಕ್ಕೆ ತದ್ವಿರುದ್ಧವಾಗಿ ಲಿನಕ್ಸ್ ಮಾತ್ರ ಬಂದು ವಿಂಡೋಸ್ ಹೆಸರು ಗ್ರಬ್ ಮೆನುವಿನಿಂದ ಮಾಯವಾಗಿದ್ದರೆ ವಿಂಡೋಸ್ ಅಳಿಸಿಹೋಯಿತು ಎಂದುಕೊಳ್ಳಬೇಡಿ. ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಮೊದಲೇ ಆಫ್ ಆಗಿರುತ್ತದೆ. ಫರ್ಮ್‌ವೇರ್ ಬೂಟ್ ಮೆನುವಿನಿಂದ ವಿಂಡೋಸ್ ತೆರೆಯಿತೆಂದರೆ ಅದು ಕ್ಷೇಮ. ಗ್ರಬ್ ಸೆಟ್ಟಿಂಗ್ ಕಡತದಲ್ಲಿ ಓಎಸ್-ಪ್ರೋಬರ್ ಆನ್ ಮಾಡಿ ಗ್ರಬ್ ನವೀಕರಿಸಿದರೆ ಹೆಸರು ಮರಳುತ್ತದೆ.

## ಕಪ್ಪು ಪರದೆಯಲ್ಲಿ ಬರೀ ಅಕ್ಷರಗಳು, ಮಿನುಗುವ ಗೀಟು

ಯಾವ ಅಕ್ಷರ ಎಂಬುದನ್ನು ಓದಿ. "ಗ್ರಬ್ ರೆಸ್ಕ್ಯೂ" ಎಂದಿದ್ದರೆ ಗ್ರಬ್ ಎದ್ದಿದೆ, ಆದರೆ ತನ್ನ ಉಳಿದ ಭಾಗಗಳು ಸಿಗುತ್ತಿಲ್ಲ. ವಿಂಡೋಸ್ ಒಳಗಿಂದ ಲಿನಕ್ಸ್ ಪಾರ್ಟಿಶನ್ ಅಳಿಸಿದಾಗ, ಡಿಸ್ಕ್ ಬದಲಿಸಿದಾಗ ಹೀಗಾಗುತ್ತದೆ. ಪೆನ್‌ಡ್ರೈವ್‌ನಿಂದ ಲೈವ್ ತೆರೆದು "ಬೂಟ್ ರಿಪೇರ್" ಓಡಿಸಿ. ಮಿಂಟ್‌ನ ಲೈವ್‌ನಲ್ಲಿ ಅದು ಮೊದಲೇ ಇರುತ್ತದೆ. ಅದು ಸೂಚಿಸುವ ಸಾಮಾನ್ಯ ರಿಪೇರಿ ಸಾಕು, ಮುಂದುವರಿದ ಆಯ್ಕೆಗಳ ಪುಟಕ್ಕೆ ಹೋಗಬೇಡಿ.

"ಇನಿಟ್‌ರಾಮ್‌ಎಫ್ಎಸ್" ಎಂದಿದ್ದರೆ ಗ್ರಬ್ ಮುಗಿದು ಕರ್ನಲ್ ಬಂದಿದೆ, ಆದರೆ ಲಿನಕ್ಸ್ ಪಾರ್ಟಿಶನ್ ತೆರೆಯಲು ಅದಕ್ಕೆ ಆಗಿಲ್ಲ. ದಿಢೀರ್ ಕರೆಂಟ್ ಹೋಗಿ ಎದ್ದ ಮೇಲೆ ಇದು ಹೆಚ್ಚು. ಮೇಲಿನ ಸಾಲುಗಳಲ್ಲಿ ಎಫ್ಎಸ್‌ಸಿಕೆ (fsck) ಎಂಬ ಆಜ್ಞೆಯನ್ನು ನೀವೇ ಓಡಿಸಿ ಎಂದು ಪಾರ್ಟಿಶನ್ ಹೆಸರಿನ ಸಮೇತ ಬರೆದಿರುತ್ತದೆ. ಅದೇ ಹೆಸರು ಕೊಟ್ಟು ಓಡಿಸಿ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟು ರೀಬೂಟ್ ಮಾಡಿ. ಒಮ್ಮೆಯಾದರೆ ಸರಿ. ಮತ್ತೆ ಮತ್ತೆ ಬರುತ್ತಿದ್ದರೆ ಡಿಸ್ಕಿನ ಸ್ಮಾರ್ಟ್ ಮಾಹಿತಿ ನೋಡುವ ಹೊತ್ತಾಗಿದೆ.

## ನೀಲಿ ಪರದೆ, "ಪರ್‌ಫಾರ್ಮ್ ಎಂಒಕೆ ಮ್ಯಾನೇಜ್‌ಮೆಂಟ್"

ಎಂಒಕೆ ಎಂದರೆ ಯಂತ್ರದ ಮಾಲೀಕರು ತಾವೇ ಒಪ್ಪಿ ಸೇರಿಸುವ ಕೀ. ಇದು ದೋಷವಲ್ಲ, ಆದರೆ ದೋಷವೆಂದು ತಿಳಿದು ಮುಂದೆ ಹೋದವರಿಗೆ ಆಮೇಲೆ ದೋಷವಾಗುತ್ತದೆ. ಸೆಕ್ಯೂರ್ ಬೂಟ್ ಆನ್ ಇಟ್ಟುಕೊಂಡೇ ಎನ್‌ವಿಡಿಯಾ ಅಥವಾ ಕೆಲವು ವೈಫೈ ಡ್ರೈವರ್ ಹಾಕಿದಾಗ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳಿರುತ್ತದೆ. ಮೊದಲ ರೀಬೂಟ್‌ನಲ್ಲಿ ಈ ಪರದೆ ಬಂದು ಹತ್ತು ಸೆಕೆಂಡ್ ಕಾಯುತ್ತದೆ. ಯಾವುದಾದರೂ ಕೀಲಿ ಒತ್ತಿ, "ಎನ್‌ರೋಲ್ ಎಂಒಕೆ" ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಇದನ್ನು ತಪ್ಪಿಸಿಕೊಂಡರೆ ಡ್ರೈವರ್ ಡಿಸ್ಕಿನಲ್ಲಿದ್ದರೂ ಲೋಡ್ ಆಗುವುದಿಲ್ಲ. ಇದೇ ಕಾರಣವೇ ಎಂದು ಖಚಿತಪಡಿಸಿಕೊಳ್ಳಲು ಸೆಕ್ಯೂರ್ ಬೂಟ್ ಒಮ್ಮೆ ಆಫ್ ಮಾಡಿ ನೋಡಿ; ಆಗ ವೈಫೈ ಅಥವಾ ಗ್ರಾಫಿಕ್ಸ್ ಬಂದರೆ ಕಳ್ಳ ಸಿಕ್ಕ.

## ಡೆಸ್ಕ್‌ಟಾಪ್ ಬಂತು, ವೈಫೈ ಇಲ್ಲ

ಲ್ಯಾಪ್‌ಟಾಪ್‌ನ ಏರ್‌ಪ್ಲೇನ್ ಕೀಲಿ ನೋಡಿ. ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ. ಅರೆನಿದ್ರೆಯ ವಿಂಡೋಸ್ ಕೆಲವು ಕಾರ್ಡ್‌ಗಳನ್ನು ತನ್ನ ಹಿಡಿತದಲ್ಲೇ ಇಟ್ಟುಕೊಂಡಿರುತ್ತದೆ. ಆಮೇಲೂ ಇಲ್ಲದಿದ್ದರೆ ಡ್ರೈವರ್ ಬೇಕು. ಬ್ರಾಡ್‌ಕಾಮ್ ಮತ್ತು ಕೆಲವು ರಿಯಲ್‌ಟೆಕ್ ಕಾರ್ಡ್‌ಗಳಲ್ಲಿ ಇದು ಹೆಚ್ಚು. ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು ಎಂಬ ಬಿಕ್ಕಟ್ಟಿಗೆ ಫೋನ್ ಉತ್ತರ: ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಹಿಡಿಯುತ್ತದೆ. ಬಳಿಕ ಡ್ರೈವರ್ ಮ್ಯಾನೇಜರ್ ತೆರೆಯಿರಿ.

ಅಂದ ಹಾಗೆ ವೈಫೈ, ಧ್ವನಿ, ಟಚ್‌ಪ್ಯಾಡ್, ನಿದ್ರೆಯಿಂದ ಏಳುವುದು ಇವನ್ನೆಲ್ಲ ಇನ್‌ಸ್ಟಾಲ್ ಮಾಡುವ ಮುಂಚೆ ಲೈವ್‌ನಲ್ಲೇ ಪರೀಕ್ಷಿಸಬಹುದು. ಲೈವ್‌ನಲ್ಲಿ ಕೆಲಸ ಮಾಡಿದ್ದು ಇನ್‌ಸ್ಟಾಲ್ ಆದ ಮೇಲೂ ಬಹುತೇಕ ಮಾಡುತ್ತದೆ.

## ಸಣ್ಣಪುಟ್ಟವು

ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಬರೆಯುವ ಕಿಟಕಿ) ಪಾಸ್‌ವರ್ಡ್ ಒತ್ತಿದರೆ ಏನೂ ಮೂಡುತ್ತಿಲ್ಲವೇ? ಕೀಬೋರ್ಡ್ ಸರಿ ಇದೆ. ಹಲವು ಡಿಸ್ಟ್ರೋಗಳಲ್ಲಿ ಚುಕ್ಕಿ ಕೂಡ ತೋರಿಸುವುದಿಲ್ಲ. ಪೂರ್ತಿ ಬರೆದು ಎಂಟರ್ ಒತ್ತಿ.

"ಕುಡ್ ನಾಟ್ ಗೆಟ್ ಲಾಕ್" ಎಂದು ಆ್ಯಪ್ ಹಾಕಲು ಬಿಡುತ್ತಿಲ್ಲವಾದರೆ ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿದೆ. ಹೊಸ ಇನ್‌ಸ್ಟಾಲ್‌ನ ಮೊದಲ ಗಂಟೆಯಲ್ಲಿ ಇದು ಸಾಮಾನ್ಯ. ಕಾಯಿರಿ. ಲಾಕ್ ಫೈಲ್ ಅಳಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಕೇಳಬೇಡಿ.

ವಿಂಡೋಸ್ ಮತ್ತು ಲಿನಕ್ಸ್ ಗಡಿಯಾರ ಹೊಂದುತ್ತಿಲ್ಲ, ವ್ಯತ್ಯಾಸ ಪ್ರತಿ ಸಲ ಅಷ್ಟೇ ಗಂಟೆ: ಮದರ್‌ಬೋರ್ಡ್ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ ಎಂದೂ ಓದುತ್ತದೆ. ಎರಡರಲ್ಲಿ ಒಂದನ್ನು ಇನ್ನೊಂದಕ್ಕೆ ಒಪ್ಪಿಸಬೇಕು. ವ್ಯತ್ಯಾಸ ಒಂದೊಂದು ಸಲ ಒಂದೊಂದು ಇದ್ದರೆ, ಅಥವಾ ವರ್ಷವೇ ಹಿಂದಕ್ಕೆ ಹೋದರೆ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದಿದೆ.

ಪಾಸ್‌ವರ್ಡ್ ಸರಿ ಕೊಟ್ಟರೂ ಮತ್ತೆ ಲಾಗಿನ್ ಪರದೆಗೇ ಬರುತ್ತದೆ: ತಪ್ಪು ಎಂದು ಬೈಯದೆ ಹಿಂದಕ್ಕೆ ಕಳಿಸುತ್ತಿದ್ದರೆ ಡಿಸ್ಕ್ ತುಂಬಿದೆಯೇ ನೋಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಲಾಗಿನ್ ಸಿಗುತ್ತದೆ, ಅಲ್ಲಿಂದ ದೊಡ್ಡ ಫೈಲ್ ಅಳಿಸಬಹುದು.

ವಿಂಡೋಸ್ ಡ್ರೈವ್ ತೆರೆಯುತ್ತದೆ, ಆದರೆ ಅದರಲ್ಲಿ ಏನನ್ನೂ ಉಳಿಸಲು ಆಗುವುದಿಲ್ಲ: ಮತ್ತೆ ಫಾಸ್ಟ್ ಸ್ಟಾರ್ಟ್‌ಅಪ್. ಬಲವಂತವಾಗಿ ಬರೆಯುವ ದಾರಿ ಹುಡುಕಬೇಡಿ, ವಿಂಡೋಸ್‌ನಲ್ಲಿ ಅದನ್ನು ಆಫ್ ಮಾಡಿ.

ಕನ್ನಡ ಚೌಕಚೌಕ ಕಂಡರೆ ಅಕ್ಷರಶೈಲಿ ಇಲ್ಲ. ನೋಟೋ, ಲೋಹಿತ್ ಅಥವಾ ಗುಬ್ಬಿ ಹಾಕಿ. ಬರೆಯಲು ಐಬಸ್ ಎಂಬ ಭಾಷಾ ಟೈಪಿಂಗ್ ವ್ಯವಸ್ಥೆಯ ಎಂ17ಎನ್ ಕಂತೆ ಹಾಕಿಕೊಂಡರೆ ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರದಿದ್ದರೆ ಪಟ್ಟಿಯಲ್ಲಿ ಕನ್ನಡ ಕಾಣದಿರಬಹುದು.

## ಬೇರೆಯವರನ್ನು ಕೇಳುವಾಗ

ಯಂತ್ರದ ಪೂರ್ತಿ ಮಾಡೆಲ್, ಡಿಸ್ಟ್ರೋ ಮತ್ತು ಅದರ ಆವೃತ್ತಿ, ಪೆನ್‌ಡ್ರೈವ್ ಬರೆದ ಸಾಧನ, ವಿಂಡೋಸ್ ಜೊತೆಗಿದೆಯೇ ಇಲ್ಲವೇ, ಯಾವ ಪರದೆಯವರೆಗೆ ಬಂತು, ಕೊನೆಯ ಸಾಲಿನ ಸ್ಪಷ್ಟ ಫೋಟೋ. ಈವರೆಗೆ ಏನೇನು ಬದಲಿಸಿದಿರಿ ಎಂಬುದನ್ನೂ ಬಚ್ಚಿಡದೆ ಹೇಳಿ. ಲೈವ್‌ವರೆಗೆ ಬಂದವರು ಮಿಂಟ್‌ನ "ಸಿಸ್ಟಮ್ ಇನ್‌ಫರ್ಮೇಶನ್" ಪುಟವನ್ನು ಕಾಪಿ ಮಾಡಿ ಕೊಟ್ಟರೆ ಹತ್ತು ಪ್ರಶ್ನೆ ಕೇಳುವ ಕೆಲಸ ತಪ್ಪುತ್ತದೆ. ಕಳಿಸುವ ಮುನ್ನ ಅದರಲ್ಲಿ ಸೀರಿಯಲ್ ಸಂಖ್ಯೆ, ಮ್ಯಾಕ್ ವಿಳಾಸ ಇದ್ದರೆ ಅಳಿಸಿ. ಬಿಟ್‌ಲಾಕರ್ ಕೀ ಇರುವ ಪರದೆಯ ಫೋಟೋವನ್ನು ಯಾರಿಗೂ ಕಳಿಸಬೇಡಿ.